ಮರೀನಾದಲ್ಲಿ ಕಂಡ ದೋಣಿ

ಚೆನ್ನೈಯಲ್ಲಿರುವ ಕನ್ನಡಿಗರಿಗೆ ಮರೀನಾ ಸಮುದ್ರತೀರವನ್ನು ವರ್ಣಿಸಲು ಹೊರಡುವುದೆಂದರೆ ಬಳ್ಳಾರಿಯವರಿಗೆ ಬಿಸಿಲನ್ನು ಪರಿಚಯ ಮಾಡಿಕೊಟ್ಟಂತೆ. ಆದರೂ ಈ ನಾಲ್ಕು ಮಾತು ಬರೆಯಲು ಕಾರಣವುಂಟು. ಹನ್ನೆರಡು ವರ್ಷಗಳಿಂದ ಭಾನುವಾರದ ಸಾಯಂಕಾಲಗಳನ್ನು ಆ ಮರಳಿನ ಮೇಲೆ ಕಳೆಯುತ್ತ ಬಂದ ನಮಗೆ ಅಲ್ಲಿ ಸಮುದ್ರವಲ್ಲದೆ ಬೇರೊಂದು ನೀರು ಕಂಡದ್ದು 2025ರ ಆಗಸ್ಟ್ ತಿಂಗಳಲ್ಲಿ. ಅದೂ ಇಸ್ಪೀಟೆಲೆಯಂಥ ಒಂದು ಎಲೆಯಲ್ಲಿ.

ಸ್ವಾತಂತ್ರ್ಯ ದಿನಕ್ಕೆ ಶನಿವಾರ, ಭಾನುವಾರಗಳು ಸೇರಿ ಕಚೇರಿಗೆ ಮೂರು ದಿನ ಒಟ್ಟಿಗೆ ರಜ ಬಂದಿತ್ತು. ಬೆಂಗಳೂರಿನಲ್ಲಿ ಓದುತ್ತಿರುವ ಅಕ್ಕನ ಮಗಳು ಬಂದಿದ್ದಳು. ಅವಳನ್ನೂ ನಮ್ಮಾಕೆಯನ್ನೂ ಎಂಟು ವರ್ಷದ ಮಗನನ್ನೂ ಕರೆದುಕೊಂಡು ಲೈಟ್ ಹೌಸ್ ನಿಲ್ದಾಣದಲ್ಲಿ ರೈಲಿಳಿದು ತೀರದ ಕಡೆಗೆ ನಡೆದೆವು. ನಮ್ಮ ಅಂಗಿಯ ಜೇಬಿನಲ್ಲಿ ಮಡಿಸಿದ ಕಾಗದವೊಂದಿತ್ತು. ಊರಿನ ಮನೆ ಮತ್ತು ಅಡಿಕೆ ತೋಟದ ಮಾರಾಟಕ್ಕೆ ಸಿದ್ಧವಾಗಿದ್ದ ಕರಾರುಪತ್ರದ ಪ್ರತಿ ಅದು. ಸೋಮವಾರ ಉತ್ತರ ಕೊಡುವುದಾಗಿ ಕೊಳ್ಳುವವರಿಗೆ ಹೇಳಿಯಾಗಿತ್ತು.

ನಮ್ಮ ಊರು ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಆಚೆ ದಡದ ತುಮರಿಯ ಕಡೆ. ತಂದೆಯವರು ತೀರಿಕೊಂಡು ಎರಡು ವರ್ಷವಾಗಿತ್ತು. ಅರವತ್ತೇಳರ ತಾಯಿ ಒಬ್ಬರೇ ಇದ್ದರು. ಮಾರಿದರೆ ಇಲ್ಲಿಯ ಮನೆಯ ಸಾಲವೂ ತೀರುತ್ತದೆ, ತಾಯಿಯೂ ನಮ್ಮೊಡನೆ ಇರುತ್ತಾರೆ ಎಂಬುದು ನಮ್ಮ ಲೆಕ್ಕ. ಕಡತಕ್ಕೆ ಟಿಪ್ಪಣಿ ಬರೆದು ಬರೆದು ಕೈ ಪಳಗಿದ ಗುಮಾಸ್ತೆಯ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ.

ಮರೀನಾ ಎಂಬ ಹೆಸರು ನಮ್ಮ ದೇಶದ್ದಲ್ಲ. 1880ರ ದಶಕದಲ್ಲಿ ಮದರಾಸಿನ ಗವರ್ನರಾಗಿದ್ದ ಗ್ರಾಂಟ್ ಡಫ್ ಸಾಹೇಬರು ಈ ಅಡ್ಡಾಡುವ ಹಾದಿಯನ್ನು ಮಾಡಿಸಿ, ಇಟಲಿಯ ಸಿಸಿಲಿ ದ್ವೀಪದ ನೆನಪಿನಿಂದ ಆ ಹೆಸರಿಟ್ಟರು. ಈಗ ಅಲ್ಲಿ ಸಿಸಿಲಿಯ ಸುಳಿವೇನೂ ಇಲ್ಲ. ಬಂಡೆಯನ್ನು ನೂಕುವ ನಾಲ್ವರು ಕೂಲಿಗಳ ಪ್ರತಿಮೆ, ಗಾಳಿಪಟ, ಕಾದ ಮರಳಿನಲ್ಲಿ ಹುರಿಯುವ ಕಡಲೆಕಾಯಿಯ ವಾಸನೆ, 'ತೇಂಗಾ ಮಾಂಗಾ ಪಟ್ಟಾಣಿ ಸುಂಡಲ್' ಎಂಬ ಕೂಗು. ನಾಲ್ಕು ಪೊಟ್ಟಣ ಸುಂಡಲ್ ಕೊಂಡು, ನೀರಿಗೆ ತುಸು ದೂರದಲ್ಲಿ ಜಮಖಾನ ಹಾಸಿ ಕುಳಿತೆವು.

ನಾವು ಈ ಊರಿಗೆ ಹೊಸಬರಾಗಿದ್ದಾಗ ಅಲ್ಲಿಯೇ ಒಬ್ಬ ಮುದುಕ ಗಿಣಿಶಾಸ್ತ್ರ ಹೇಳುತ್ತಿದ್ದ. ಪಂಜರದ ಬಾಗಿಲು ತೆರೆದರೆ ಗಿಣಿ ಗಂಭೀರವಾಗಿ ನಡೆದು ಬಂದು, ಸಾಲಾಗಿಟ್ಟ ಎಲೆಗಳಲ್ಲಿ ಒಂದನ್ನು ಕೊಕ್ಕಿನಿಂದ ಎಳೆದು, ಒಂದು ಕಾಳು ಬತ್ತವನ್ನು ಸಂಭಾವನೆ ಪಡೆದು, ಮರಳಿ ತಾನಾಗಿಯೇ ಸೆರೆಮನೆ ಸೇರುತ್ತಿತ್ತು. ಎಲೆಯಲ್ಲಿ ಮುರುಗನೋ ಲಕ್ಷ್ಮಿಯೋ ಮೇರಿಯಮ್ಮನೋ ಇರುತ್ತಿದ್ದರು. ಗಿಣಿಯನ್ನು ಹಿಡಿದಿಡುವುದು ವನ್ಯಜೀವಿ ಕಾನೂನಿನಂತೆ ಅಪರಾಧ. 2024ರ ಏಪ್ರಿಲ್‌ನಲ್ಲಿ ಕಡಲೂರಿನ ಕಡೆ ಚುನಾವಣೆಯ ಅಭ್ಯರ್ಥಿಯೊಬ್ಬರಿಗೆ ಜಯವಾಗುವುದೆಂದು ಗಿಣಿಯಿಂದ ಹೇಳಿಸಿದವನನ್ನು ಅರಣ್ಯ ಇಲಾಖೆಯವರು ಹಿಡಿದೊಯ್ದದ್ದು ಪತ್ರಿಕೆಗಳಲ್ಲಿ ಬಂದಿತ್ತು. ನಮ್ಮ ಮುದುಕನೂ ಈಗ ಕಾಣಿಸುವುದಿಲ್ಲ.

ಇದನ್ನು ಹೇಳುತ್ತಿರಲು ಅಕ್ಕನ ಮಗಳು ನಕ್ಕು, "ಮಾವ, ಗಿಣಿ ಇಲ್ಲದಿದ್ದರೇನು, ನಾನಿದ್ದೇನಲ್ಲ!" ಎಂದು ಚೀಲದಿಂದ ಒಂದು ಕಟ್ಟು ಎಲೆಗಳನ್ನು ತೆಗೆದಳು. ಟ್ಯಾರೋ ಎನ್ನುತ್ತಾರೆ.

ಬಿ.ಎ. ಓದಿದ ನಮಗೆ ಇಂಥದರಲ್ಲಿ ನಂಬಿಕೆಯಿಲ್ಲ. ಆದರೆ ಹುಡುಗಿ ಚರಿತ್ರೆಯನ್ನು ಚೆನ್ನಾಗಿ ತಿಳಿದಿದ್ದಳು. ಈ ಎಲೆಗಳು ಹುಟ್ಟಿದ್ದು ಹದಿನೈದನೆಯ ಶತಮಾನದ ಇಟಲಿಯಲ್ಲಿ, ಶಾಸ್ತ್ರ ಹೇಳಲಿಕ್ಕಲ್ಲ, ಆಡಲಿಕ್ಕೆ. ಮಿಲಾನಿನ ಅರಸುಮನೆತನಕ್ಕೆ ಬಂಗಾರದ ರೇಕು ಹಚ್ಚಿ ಮಾಡಿದ ಒಂದು ಕಟ್ಟಿನ 74 ಎಲೆಗಳು ಇಂದಿಗೂ ಉಳಿದಿವೆ. ಇವು ಈಜಿಪ್ಟಿನ ಗೂಢವಿದ್ಯೆಯ ಪುಟಗಳೆಂದು ಫ್ರಾನ್ಸಿನ ಕೂರ್ ದ ಜೆಬಲೆನ್ ಎಂಬ ಪಂಡಿತ ಆಧಾರವಿಲ್ಲದೆ ಬರೆದದ್ದು 1781ರಲ್ಲಿ. ಅವಳ ಕೈಯಲ್ಲಿದ್ದ 78 ಎಲೆಗಳ ಚಿತ್ರಗಳನ್ನು ಬರೆದವರು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಹೆಣ್ಣುಮಗಳು. ಅದು 1909ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಆಟದ ಎಲೆಗೆ ಇಷ್ಟು ಶ್ರದ್ಧೆಯೇ ಎಂದು ನಗುವ ಹಾಗಿಲ್ಲ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರೂ ಗಂಜೀಫಾ ಎಲೆಗಳಲ್ಲಿ ದೇವದೇವತೆಗಳನ್ನೇ ಬರೆಸಿ ಹೊಸ ಹೊಸ ಆಟಗಳನ್ನು ಕಲ್ಪಿಸಿದವರು.

"ಹಾಗಾದರೆ ಅರ್ಥ ಹೇಳುವ ಪುಸ್ತಕ ಎಲ್ಲಿ?" ಎಂದೆವು.

"ಪುಸ್ತಕ ಮನೆಯಲ್ಲಿಟ್ಟು ಬಂದಿದ್ದೇನೆ, ಮಾವ. ಪುಸ್ತಕ ನೋಡಿದರೆ ಬರೆದವರ ಮನಸ್ಸು ತಿಳಿಯುತ್ತದೆ. ನೀವು ಚಿತ್ರ ನೋಡಿ. ಮೊದಲು ಕಣ್ಣು ಎಲ್ಲಿ ನಿಲ್ಲುತ್ತದೆಯೋ ಅದನ್ನು ಹೇಳಿ, ಸಾಕು."

ನಮ್ಮ ಮಗ ಎಳೆದ ಎಲೆಯಲ್ಲಿ ಒಂದು ದೋಣಿಯಿತ್ತು. ಅಂಬಿಗ ನಿಂತು ಜಲ್ಲೆ ಹಾಕುತ್ತಿದ್ದಾನೆ. ಮುಂದೆ ಮುಸುಕು ಹೊದ್ದು ಮುದುಡಿ ಕುಳಿತ ಹೆಂಗಸು, ಪಕ್ಕದಲ್ಲಿ ಒಂದು ಮಗು. ಮೂವರ ಬೆನ್ನೂ ನಮ್ಮ ಕಡೆಗೆ. ದೋಣಿಯಲ್ಲಿ ಆರು ಕತ್ತಿಗಳು ನೆಟ್ಟಗೆ ನಿಂತಿವೆ. ಒಂದು ಬದಿಯ ನೀರು ಕಲಕಿದೆ, ಇನ್ನೊಂದು ಬದಿ ತಿಳಿಯಾಗಿದೆ.

ಮಗನ ಕಣ್ಣು ಕತ್ತಿಗಳ ಮೇಲೆ ನಿಂತಿತು. "ಇವನ್ನು ಕೀಳಬಾರದು. ಕಿತ್ತರೆ ತೂತಿನಿಂದ ನೀರು ಬರುತ್ತದೆ" ಎಂದ.

ನಾವು ಅಂಬಿಗನನ್ನು ನೋಡಿದೆವು. ಜವಾಬ್ದಾರಿ ಹೊತ್ತು, ವಯಸ್ಸಾದ ತಾಯಿಯನ್ನು ಕಷ್ಟದ ದಡದಿಂದ ಸುಖದ ದಡಕ್ಕೆ ಸಾಗಿಸುವ ಮಗನಲ್ಲವೇ ಅವನು! ಜೇಬಿನ ಕಾಗದಕ್ಕೆ ಇದಕ್ಕಿಂತ ಒಳ್ಳೆಯ ಶಿಫಾರಸು ಉಂಟೇ? ಹಾಗೆಂದು ಹೇಳಿಯೂ ಬಿಟ್ಟೆವು.

ನಮ್ಮಾಕೆ ಬಹಳ ಹೊತ್ತು ನೋಡಿ, "ಕುಳಿತವಳ ಮುಖವೇ ಕಾಣುವುದಿಲ್ಲವಲ್ಲ. ಹೋಗುತ್ತೀಯಾ ಎಂದು ಅವಳನ್ನು ಯಾರಾದರೂ ಕೇಳಿದರೋ?" ಎಂದಳು.

ಅಕ್ಕನ ಮಗಳು ಮಾತ್ರ ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ, "ಮಾವ, ಅಜ್ಜಿ ಆ ಹೆಂಗಸಲ್ಲ. ಅಜ್ಜಿ ಆ ಮಗು" ಎಂದಳು.

ಮೂವತ್ತೇಳು ವರ್ಷ ಮಗನಾಗಿದ್ದ ನಮಗೆ ಗೊತ್ತಿರದ ಸಂಗತಿಯನ್ನು ಅವಳು ಆಗ ಹೇಳಿದಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ಏರಿದಾಗ ನಮ್ಮ ತಾಯಿಗೆ ಆರು ವರ್ಷ. ಅವರ ತವರುಮನೆ ಮುಳುಗಿತು. ಬಾಗಿಲು, ಜಂತೆ, ಒನಕೆ, ಕಡೆಗೋಲುಗಳನ್ನು ದೋಣಿಗೆ ಹೇರಿ, ಅವುಗಳ ನಡುವೆ ಮಗಳನ್ನು ಕೂರಿಸಿ ಅಜ್ಜ ಮೇಲಿನ ಗುಡ್ಡಕ್ಕೆ ಸಾಗಿಸಿದರಂತೆ. ಕೊಟ್ಟಿಗೆಯ ಮಾಡು ಇನ್ನೂ ನೀರಿನ ಮೇಲೆ ಕಾಣುತ್ತಿತ್ತಂತೆ. 'ನನ್ನನ್ನು ಒಂದು ಸಲ ಎಬ್ಬಿಸಿಯಾಯಿತು' ಎಂದು ಅಜ್ಜಿ ಮೊಮ್ಮಗಳೊಡನೆ ಹೇಳಿದ್ದರು. ನಮ್ಮೊಡನೆ ಹೇಳಲಿಲ್ಲ. ನಾವು ಕೇಳಿದ್ದರಲ್ಲವೇ ಹೇಳುವುದು? ದೂರವಾಣಿಯಲ್ಲಿ ನಾವು ಕೇಳುತ್ತಿದ್ದದ್ದು ಒಂದೇ: ಮಾತ್ರೆ ತೆಗೆದುಕೊಂಡೆಯಾ, ಯಾವತ್ತು ಹೊರಡುತ್ತೀ?

ಸೂರ್ಯ ನಮ್ಮ ಬೆನ್ನ ಹಿಂದೆ ಊರಿನ ಮೇಲೆ ಮುಳುಗಿದ. ಲೈಟ್ ಹೌಸಿನ ದೀಪ ಹತ್ತಿತು. ಅಲ್ಲಿಂದಲೇ ತಾಯಿಗೆ ದೂರವಾಣಿ ಮಾಡಿದೆವು. ಅಲೆಯ ಸದ್ದಿಗೆ ಅವರು, "ಅಲ್ಲಿಯೂ ಮಳೆಯೇನೋ ಮಗಾ?" ಎಂದರು.

"ಸಮುದ್ರ ಅಮ್ಮಾ. ನಿನಗೆ ಏನು ಬೇಕು, ಹೇಳು."

ಸ್ವಲ್ಪ ಹೊತ್ತು ಮಾತಿಲ್ಲ. "ಅಡಿಕೆ ಕೊಯ್ಲು ಮುಗಿಯಲಿ. ಆಮೇಲೆ ಎರಡು ತಿಂಗಳು ಬಂದಿರುತ್ತೇನೆ. ಮನೆ ಮಾತ್ರ ನಾನು ಇರುವವರೆಗೆ ಇರಲಿ" ಎಂದರು. ಮತ್ತೆ, "ಇದನ್ನು ಹೇಳಲಿಕ್ಕೆ ನೀನು ಇಷ್ಟು ದಿನ ಬಿಡಲೇ ಇಲ್ಲ" ಎಂದು ನಕ್ಕರು.

ಎಲೆಗೆ ನಮ್ಮ ಮನೆಯ ಸುದ್ದಿ ಗೊತ್ತಿತ್ತೆಂದು ನಾವು ಇಂದಿಗೂ ನಂಬುವುದಿಲ್ಲ. ಮಗ ಬೇರೊಂದು ಎಲೆ ಎಳೆದಿದ್ದರೆ ಮಾತು ಬೇರೆಲ್ಲಿಗೋ ಹೋಗುತ್ತಿತ್ತು. ಆದರೆ ನಾಲ್ವರು ಒಂದೇ ಚಿತ್ರವನ್ನು ಸುಮ್ಮನೆ ನೋಡಿ, ಕಂಡದ್ದನ್ನು ಕಂಡ ಹಾಗೆ ಹೇಳಿಕೊಂಡದ್ದು ನಮ್ಮ ಮನೆಯಲ್ಲಿ ಅದೇ ಮೊದಲು. ಗಿಣಿಯ ಮುದುಕನೂ ಎಲೆಗಿಂತ ಹೆಚ್ಚಾಗಿ ಎದುರಿಗೆ ಕುಳಿತವರ ಮುಖವನ್ನೇ ನೋಡುತ್ತಿದ್ದ ಎಂಬುದು ಈಗ ನೆನಪಾಗುತ್ತದೆ.

ಸೋಮವಾರ ಕರಾರುಪತ್ರವನ್ನು ಹಿಂದಿರುಗಿಸಿದೆವು. ಸಾಲದ ಕಂತುಗಳು ಇನ್ನೂ ಹದಿನಾಲ್ಕು ವರ್ಷ ಉಳಿದಿವೆ. ಅದನ್ನು ಯಾವ ಎಲೆಯೂ ತೀರಿಸುವುದಿಲ್ಲ.

ಆ ದೀಪಾವಳಿಗೆ ಊರಿಗೆ ಹೋದೆವು. ಬೆಂಗಳೂರಿನಿಂದ ರಾತ್ರಿ ತಾಳಗುಪ್ಪದ ರೈಲು, ಬೆಳಗ್ಗೆ ಸಾಗರ. ಪೇಟೆಯ ಕೆಲಸಕ್ಕೆ ಬಂದಿದ್ದ ತಾಯಿ ಬಸ್ ನಿಲ್ದಾಣದಲ್ಲಿಯೇ ಕಾದಿದ್ದರು. ಹೊಳೆಬಾಗಿಲಿನಲ್ಲಿ ಈಗ ಲಾಂಚಿಗಾಗಿ ಕಾಯಬೇಕಾಗಿಲ್ಲ. 2025ರ ಜುಲೈ 14ರಂದು ತೆರೆದ ಸೇತುವೆ ಸುಮಾರು ಎರಡೂವರೆ ಕಿಲೋಮೀಟರು ಉದ್ದವಿದೆ. ಬಸ್ಸು ಅದರ ನಡುವೆ ಬಂದಾಗ ತಾಯಿ ಮೊಮ್ಮಗನನ್ನು ಕಿಟಕಿಯ ಹತ್ತಿರ ಎಳೆದುಕೊಂಡು, ತುಂಬಿದ ನೀರಿನಾಚೆ ಎಲ್ಲಿಗೋ ಕೈ ತೋರಿಸಿ, "ಅಗೋ, ಅಲ್ಲಿ ನಮ್ಮ ಕೊಟ್ಟಿಗೆ" ಎಂದರು.

ಹುಡುಗ ನೀರನ್ನೇ ನೋಡುತ್ತಿದ್ದ. ನಾವೂ ನೋಡಿದೆವು.