ಶುಐಬಾದಿಂದ ಮನೆಗೆ ಬರುವ ಹಾಲು

ಪತ್ರಿಕೆಗೆ ಏನಾದರೂ ಬರೆದು ಕೊಡಿ ಎಂದು ಕೂಟದ ಮಿತ್ರರು ಕೇಳಿದಾಗ ನಾವು ಗಂಡ-ಹೆಂಡತಿ ಮುಖ ಮುಖ ನೋಡಿಕೊಂಡೆವು. ಕಥೆ, ಕವನ ನಮಗೆ ಬಾರದು. ಈಚೆಗೆ ಚೆನ್ನಾಗಿ ಕಲಿತದ್ದು ಒಂದೇ, ಎದೆಹಾಲಿನ ಪಂಪು ತೊಳೆಯುವುದು! ಸಂಕೋಚ ಬಿಟ್ಟು ಅದನ್ನೇ ಬರೆಯುತ್ತಿದ್ದೇವೆ.

ನಮ್ಮ ಮನೆ ಫಹಾಹೀಲ್‌ನಲ್ಲಿ, ಇಬ್ಬರ ಕೆಲಸವೂ ಶುಐಬಾ ಕೈಗಾರಿಕಾ ಪ್ರದೇಶದಲ್ಲಿ. ಇಲ್ಲಿನ 2010ರ ಕಾರ್ಮಿಕ ಕಾನೂನಿನಂತೆ ಬಾಣಂತಿಗೆ 70 ದಿನ ಸಂಬಳ ಸಹಿತ ರಜೆಯುಂಟು. ಆಮೇಲೆ ಹಾಲೂಡಿಸಲು ಕೆಲಸದ ವೇಳೆಯಲ್ಲಿ 2 ಗಂಟೆ ಬಿಡುವೂ ಉಂಟು. ಆ 70 ದಿನ ಹೇಗೆ ಕಳೆಯಿತೋ ತಿಳಿಯಲಿಲ್ಲ. ಬಾಣಂತನಕ್ಕೆಂದು ಊರಿನಿಂದ ಬಂದಿದ್ದ ಅಮ್ಮನ ಮಡಿಲಿಗೆ ಮಗುವನ್ನು ಹಾಕಿ, ಬಟ್ಟೆಯೊಳಗೇ ಇಟ್ಟುಕೊಳ್ಳುವ ಪುಟ್ಟ ಪಂಪನ್ನು ಚೀಲಕ್ಕೆ ಸೇರಿಸಿ ಹೊರಟೆವು.

ಮೂರನೇ ವಾರದಲ್ಲಿ ಹಾಲು ಕಡಿಮೆಯಾಗತೊಡಗಿತು. 120 ಮಿ.ಲೀ. ಬರುತ್ತಿದ್ದಲ್ಲಿ 40 ಕೂಡ ಇಲ್ಲ. ಕೆಲಸಕ್ಕೆ ಹೋದದ್ದೇ ತಪ್ಪಾಯಿತೇನೋ ಎಂದು ರಾತ್ರಿಯೆಲ್ಲಾ ನಿದ್ದೆಯಿಲ್ಲ. ಡಬ್ಬಿಯ ಹಾಲಿನ ಪುಡಿಯನ್ನೂ ತಂದಿಟ್ಟೆವು. ಅಮ್ಮ ಮಾತ್ರ, "ಹಾಲು ಬತ್ತಿದ್ದರೆ ಮಗು ಎದೆಗೆ ಹಾಕಿದಾಗ ಹೀಗೆ ಹೊಟ್ಟೆ ತುಂಬಾ ಕುಡಿದು ಮಲಗುತ್ತದೆಯೇ? ಮೊದಲು ಆ ಯಂತ್ರ ನೋಡಿ" ಎಂದರು.

ನೋಡಿದೆವು. ಒಳಗಿನ ತೆಳು ಸಿಲಿಕಾನ್ ವಾಲ್ವಿನ ತುದಿ ಹರಿದಿತ್ತು. ಚೊಕ್ಕಟ ಮಾಡುವ ಹುಮ್ಮಸ್ಸಿನಲ್ಲಿ ಬಾಟಲಿ ಬ್ರಶ್ಶಿನಿಂದ ಅದನ್ನು ತಿಕ್ಕಿದವರು ನಾವೇ! ವಾಲ್ವ್ ಹರಿದರೆ ಗಾಳಿಯ ಹಿಡಿತ ತಪ್ಪಿ ಹಾಲು ಎಳೆಯುವುದಿಲ್ಲ. ಹೊಸ ವಾಲ್ವ್ ಹಾಕಿದ ಎರಡೇ ದಿನಕ್ಕೆ ಬಾಟಲಿ ಮೊದಲಿನಂತೆ ತುಂಬಿತು.

ಅಂದಿನಿಂದ ನಮ್ಮ ಕ್ರಮ ಹೀಗಿದೆ. ಮೊದಲು ಕೈ ತೊಳೆಯುವುದು. ಮೋಟಾರನ್ನು ಬೇರೆ ಮಾಡಿ ಒದ್ದೆ ಬಟ್ಟೆಯಿಂದ ಒರೆಸುವುದು ಅಷ್ಟೇ, ಅದಕ್ಕೆ ನೀರು ತಾಗಬಾರದು. ಹಾಲು ತಗಲುವ ಭಾಗಗಳನ್ನೆಲ್ಲ ಬಿಚ್ಚಿ, ಪ್ರತಿ ಸಲವೂ, ಅದಕ್ಕೆಂದೇ ಇಟ್ಟ ಬೋಗುಣಿಯಲ್ಲಿ ಸೋಪಿನ ಬಿಸಿನೀರಿನಿಂದ ತೊಳೆಯುವುದು. ಅಡಿಗೆಮನೆಯ ಸಿಂಕಿನಲ್ಲಿ ನೇರವಾಗಿ ಇಡುವುದಿಲ್ಲ. ವಾಲ್ವನ್ನು ಬೆರಳಿನಿಂದಲೇ ಮೆಲ್ಲಗೆ ಉಜ್ಜುತ್ತೇವೆ. ಪಾತ್ರೆ ಒರೆಸುವ ಬಟ್ಟೆ ಮುಟ್ಟಿಸದೆ ಗಾಳಿಗೆ ಒಣಗಲು ಬಿಡುತ್ತೇವೆ. ತೇವ ಉಳಿದರೆ ಬೂಸ್ಟು ಹಿಡಿಯುತ್ತದೆ. ಪಂಪಿನ ಕೈಪಿಡಿ ಒಪ್ಪಿದ ಭಾಗಗಳನ್ನು ದಿನಕ್ಕೊಮ್ಮೆ 5 ನಿಮಿಷ ಕುದಿಸುತ್ತೇವೆ. ಆಫೀಸಿಗೆ ಎರಡು ಜೊತೆ ಬಿಡಿಭಾಗ ಒಯ್ಯುತ್ತೇವೆ.

ಇಷ್ಟೊಂದು ಮಡಿಯೇಕೆ ಎನ್ನಬಹುದು. 2016ರಲ್ಲಿ ಅಮೆರಿಕದಲ್ಲಿ ಅವಧಿಗೆ ಮುಂಚೆ ಹುಟ್ಟಿದ ಮಗುವೊಂದಕ್ಕೆ ಕ್ರೋನೋಬ್ಯಾಕ್ಟರ್ ಎಂಬ ಸೋಂಕು ತಗಲಿದಾಗ, ಸರಿಯಾಗಿ ತೊಳೆಯದ ಪಂಪಿನಲ್ಲೂ ಅದೇ ಕ್ರಿಮಿ ಸಿಕ್ಕಿತ್ತು. ಮರುವರ್ಷ ಅಲ್ಲಿನ ಸಿ.ಡಿ.ಸಿ. ಸಂಸ್ಥೆ ಪಂಪು ತೊಳೆಯುವ ಕ್ರಮವನ್ನು ಪ್ರಕಟಿಸಿತು. ಎರಡು ತಿಂಗಳೊಳಗಿನ ಕೂಸುಗಳಿಗೆ ಹೆಚ್ಚಿನ ಜಾಗ್ರತೆ ಬೇಕು.

ಕುವೈತಿನ ಬೇಸಿಗೆ ನಿಮಗೆ ಹೇಳಬೇಕೇ? ತಾರಸಿಯ ಟ್ಯಾಂಕಿನಿಂದ ತಣ್ಣೀರಿನ ನಲ್ಲಿಯಲ್ಲೂ ಸುಡುನೀರೇ ಬರುತ್ತದೆ. ಆದರೆ ಕೈ ಸುಟ್ಟಿತೆಂದು ಕ್ರಿಮಿ ಸಾಯುವುದಿಲ್ಲ, ಕುದಿಸಲೇಬೇಕು. ನಿಲ್ಲಿಸಿದ ಕಾರಿನಲ್ಲಿ ಪಂಪನ್ನು ಬಿಡಬೇಡಿ, ಬ್ಯಾಟರಿ ಕೆಡುತ್ತದೆ. ಹಿಂಡಿದ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ದಾರಿಯಲ್ಲಿ ಮಂಜುಗಡ್ಡೆಯ ಚೀಲವೇ ಗತಿ.

ಅಮ್ಮ ಕಳೆದ ತಿಂಗಳು ಊರಿಗೆ ಮರಳಿದರು. ವಿಮಾನ ನಿಲ್ದಾಣದಲ್ಲಿ ಮಗುವಿಗೆ ಮುತ್ತಿಟ್ಟು ಕಣ್ಣೊರೆಸಿಕೊಂಡವರು, ಹತ್ತು ಹೆಜ್ಜೆ ಹೋಗಿ ತಿರುಗಿ, "ವಾಲ್ವ್ ಮೆಲ್ಲಗೆ ತೊಳೀರಿ!" ಎಂದು ಕೂಗಿದರು. ಸುತ್ತಲಿನವರಿಗೆ ಏನೂ ತಿಳಿಯಲಿಲ್ಲ. ನಮಗೆ ನಗುವೂ ಅಳುವೂ ಒಟ್ಟಿಗೇ ಬಂತು.

ನಮ್ಮಲ್ಲಿನ ಹೊಸ ತಾಯಂದಿರೇ, ಹಾಲು ಕಡಿಮೆಯಾದರೆ ನಿಮ್ಮನ್ನು ನೀವು ಹಳಿದುಕೊಳ್ಳುವ ಮೊದಲು ಆ ಪುಟ್ಟ ವಾಲ್ವನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ. ಅಪ್ಪಂದಿರೇ, ತೊಳೆಯುವ ಸರದಿ ನಿಮ್ಮದು!