ವಾಶಿಗೆ 22 ಕಿಲೋಮೀಟರ್

ಜನವರಿ ತಿಂಗಳ ಮಾತು. ಸಂಕ್ರಾಂತಿ ಮಂಗಳವಾರ ಬಂದಿತ್ತು. ಅದರ ಹಿಂದಿನ ದಿನ ವಾಶಿಯಿಂದ ಅಕ್ಕ ಫೋನ್ ಮಾಡಿದಳು.

"ದೀಪಾವಳಿಗೂ ಬರಲಿಲ್ಲ. ಈಗರೆ ಬರ್ತೀರೇನು? ಕುಸುರೆಳ್ಳು ಮಾಡಿಟ್ಟೀನಿ. ಮಾದ್ಲಿ ಮಾಡ್ತೀನಿ."

"ರವಿವಾರ ಬರ್ತೀವಿ ಅಕ್ಕಾ" ಎಂದುಬಿಟ್ಟೆ.

ಫೋನ್ ಇಟ್ಟ ಮೇಲೆ ಹೇಗೆ ಹೋಗುವುದು ಎಂಬ ಯೋಚನೆ ಹತ್ತಿತು. ಥಾಣೆಯ ಮಾನ್ಪಾಡಾದಲ್ಲಿರುವ ನಮ್ಮ ಮನೆಯಿಂದ ವಾಶಿಯ ಅಕ್ಕನ ಮನೆಗೆ ಸುಮಾರು 22 ಕಿಲೋಮೀಟರ್. ಪ್ರತಿ ಬೇಸಿಗೆಗೆ 500 ಕಿಲೋಮೀಟರಿಗೂ ಹೆಚ್ಚು ದೂರದ ಧಾರವಾಡಕ್ಕೆ ಯೋಚನೆಯೇ ಇಲ್ಲದೆ ಹೊರಡುತ್ತಿದ್ದವರು ನಾವು. ಬೆಳಗಿನ ನಾಲ್ಕಕ್ಕೆ ಇವರು ಗಾಡಿ ತೆಗೆದರೆ, ಲೋಣಾವಳಾ ಬರುವಷ್ಟರಲ್ಲಿ ನನಗೆ ನಿದ್ದೆ. ಸಾತಾರಾದಲ್ಲಿ ಚಹಾಕ್ಕೆ ಎಬ್ಬಿಸುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ನಾನು ದಾರಿ ನೋಡಿದವಳಲ್ಲ.

ಈಗ ಗಾಡಿ ನಾಲ್ಕು ತಿಂಗಳಿಂದ ಬೇಸ್‌ಮೆಂಟಿನಲ್ಲಿ ನಿಂತಿತ್ತು. ಸೆಪ್ಟೆಂಬರಿನಲ್ಲಿ ಮನೆಯ ಹತ್ತಿರದ ಗಲ್ಲಿಯಲ್ಲಿ, ಎಡಗಡೆಯಿಂದ ಸೈಕಲ್ ಮೇಲೆ ಬಂದ ಒಬ್ಬ ಹುಡುಗ ಇವರಿಗೆ ಕಾಣಲೇ ಇಲ್ಲ. ನಾನು "ರೀ" ಎಂದು ಚೀರಿದ್ದಕ್ಕೆ ಬ್ರೇಕ್ ಬಿತ್ತು. ಹುಡುಗ ಬಿದ್ದ, ಎದ್ದ, ಬೈದು ಹೋದ. ಅವನಿಗೆ ಏನೂ ಆಗಿರಲಿಲ್ಲ. ಆದರೆ ಇವರ ಕೈ ಸ್ಟೇರಿಂಗ್ ಮೇಲೆ ನಡುಗುತ್ತಿತ್ತು. ಮರುವಾರ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಒಂದು ಯಂತ್ರದೊಳಗೆ ಮುಖವಿಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತುವ ಪರೀಕ್ಷೆ. ಹೊರಗೆ ಬಂದ ಹಾಳೆಯಲ್ಲಿ ಅಂಚಿನುದ್ದಕ್ಕೂ ಕಪ್ಪು. ಗ್ಲಾಕೋಮಾ. ನಡುವಿನ ನೋಟ ಚೆನ್ನಾಗಿದೆ, ಪಕ್ಕದ ನೋಟ ಹೋಗುತ್ತಾ ಬಂದಿದೆ ಎಂದರು ಡಾಕ್ಟರು. ಹೋದದ್ದು ಮರಳಿ ಬರುವುದಿಲ್ಲವಂತೆ. ಇರುವುದನ್ನು ಉಳಿಸಿಕೊಳ್ಳಲು ದಿನವೂ ತಪ್ಪದೆ ಕಣ್ಣಿಗೆ ಹನಿ ಹಾಕಬೇಕಂತೆ. "ಗಾಡಿ ಮಾತ್ರ ಬೇಡ" ಎಂದರು ಕೊನೆಗೆ. ಇವರು ತಲೆಯಾಡಿಸಿದರು. ಮನೆಗೆ ಬಂದು ಕೀಲಿಯನ್ನು ದೇವರ ಮನೆಯ ಪಕ್ಕದ ಮೊಳೆಗೆ ಹಾಕಿದರು. ಆಮೇಲೆ ಆ ವಿಷಯ ಎತ್ತಲಿಲ್ಲ.

ಥಾಣೆಯಿಂದ ವಾಶಿಗೆ ಟ್ರಾನ್ಸ್-ಹಾರ್ಬರ್ ಲೋಕಲ್ ಇದೆ, ಅರ್ಧ ಗಂಟೆಯ ದಾರಿ. ಆದರೆ ಥಾಣೆ ಸ್ಟೇಷನ್ನಿನ ಮೆಟ್ಟಿಲ ಮೇಲೆ ಎಡಬಲದಿಂದ ಜನ ನುಗ್ಗುವಾಗ ಇವರು ಗೋಡೆ ಹಿಡಿದು ನಿಂತುಬಿಡುತ್ತಾರೆ. ಟ್ಯಾಕ್ಸಿ ಮಾಡಬಹುದಿತ್ತು. ಡಾಕ್ಟರ ಹತ್ತಿರ ಹೋಗುವಾಗ ಮಾಡಿದ್ದೆವು. ಹಿಂದಿನ ಸೀಟಿನಲ್ಲಿ ಕೂತ ಇವರು ಡ್ರೈವರ್ ಬ್ರೇಕ್ ಹಾಕಬೇಕಾದಾಗಲೆಲ್ಲ ತಾವೂ ಬಲಗಾಲು ಒತ್ತುತ್ತಿದ್ದರು. ಅದನ್ನು ನೋಡಲು ನನಗಾಗಲಿಲ್ಲ.

ನನಗೂ ಲೈಸೆನ್ಸ್ ಇದೆ. 2009ರಲ್ಲಿ ಮಾಡಿಸಿದ್ದು. ಬ್ಯಾಂಕಿನಲ್ಲಿ, ವಿಮಾನ ನಿಲ್ದಾಣದಲ್ಲಿ ಗುರುತಿಗೆಂದು ತೋರಿಸಿದ್ದೇ ಹೆಚ್ಚು. ನವೆಂಬರಿನಲ್ಲಿ ಇವರಿಗೆ ಹೇಳದೆ ಹತ್ತು ದಿನ ಡ್ರೈವಿಂಗ್ ಕ್ಲಾಸಿಗೆ ಹೋಗಿ ಬಂದೆ. ತರಕಾರಿಗೆ ಹೋಗಿದ್ದೆ ಎಂದು ಸುಳ್ಳು ಹೇಳುತ್ತಿದ್ದೆ. ಹತ್ತನೆಯ ದಿನ ಇವರೇ ಕೇಳಿದರು: "ದಿನಾ ತಾಸುಗಟ್ಟಲೆ ಹೋಗ್ತಿ. ಒಂದು ದಿನಾನೂ ಚೀಲದಾಗ ಕೊತ್ತಂಬ್ರಿ ಯಾಕ ಇರಂಗಿಲ್ಲ?" ನಾನು ನಕ್ಕೆ. ಅವರು ನಗಲಿಲ್ಲ.

ಶುಕ್ರವಾರ ರಾತ್ರಿ ಊಟದ ಮೇಜಿನ ಮೇಲೆ ನೋಟ್‌ಬುಕ್ ಬಿಚ್ಚಿ ಕೂತೆ. ನಾನು ಶಾಲೆಯಲ್ಲಿ ಗಣಿತ ಕಲಿಸುವವಳು. ಏನೇ ಇದ್ದರೂ ಬರೆದರೇ ಸಮಾಧಾನ. ದಾರಿ ಎರಡಿದ್ದವು. ಒಂದು, ಕಳವಾ ಸೇತುವೆ ದಾಟಿ ವಿಟಾವಾದ ರೈಲು ಹಳಿಯ ಕೆಳಗೆ ನುಸುಳಿ, ದಿಘಾದ ಮೇಲೆ ಥಾಣೆ-ಬೇಲಾಪುರ ರಸ್ತೆ ಹಿಡಿಯುವುದು. ಟೋಲ್ ಉಳಿಸಲು ಇವರು ಎಷ್ಟೋ ಸಲ ಈ ಕಡೆಯಿಂದಲೇ ಹೋಗುತ್ತಿದ್ದರು. ಮಳೆಗಾಲದಲ್ಲಿ ವಿಟಾವಾದಲ್ಲಿ ನೀರು ನಿಂತರೆ ಮುಗಿಯಿತು. ಇನ್ನೊಂದು, ಮಜಿವಾಡಾದಲ್ಲಿ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಹತ್ತಿ, ಆನಂದನಗರ ಟೋಲ್ ನಾಕಾ ದಾಟಿ, ಮುಲುಂಡಿನಲ್ಲಿ ಎಡಕ್ಕೆ ಹೊರಳಿ, ಐರೋಲಿ ಸೇತುವೆಯ ಮೇಲೆ ಖಾಡಿ ದಾಟಿ, ಅದೇ ಬೇಲಾಪುರ ರಸ್ತೆಗೆ ಇಳಿಯುವುದು. ಎರಡನ್ನೂ ಎರಡು ಕಾಲಮ್ಮಿನಲ್ಲಿ ಬರೆದೆ. ಮೊದಲನೆಯದರಲ್ಲಿ ಸಿಗ್ನಲ್, ಆಟೋ, ಇಕ್ಕಟ್ಟು. ಎರಡನೆಯದರಲ್ಲಿ ವೇಗ, ಲಾರಿ, ಲೇನ್ ಬದಲಿಸುವ ಭಯ.

ಹೈದರಾಬಾದಿನಲ್ಲಿರುವ ಮಗಳು ವಿಡಿಯೋ ಕಾಲಿನಲ್ಲಿ ನೋಟ್‌ಬುಕ್ ನೋಡಿ ನಕ್ಕಳು. "ಅಮ್ಮಾ, ಆ್ಯಪ್ ಹಾಕ್ಕೊಂಡ್ರಾತು, ಅದ ಹೇಳ್ತದ. ಇಲ್ಲಿ ಔಟರ್ ರಿಂಗ್ ರೋಡಿನಾಗ ಸಿಗ್ನಲ್ಲೂ ಇಲ್ಲ, ಟೂ ವೀಲರ್ರೂ ಇಲ್ಲ." ನಮ್ಮಲ್ಲೂ 2013ರಿಂದ ಚೆಂಬೂರಿನ ಆಚೆ ಫ್ರೀವೇ ಎಂದೇ ಹೆಸರಿಟ್ಟ ರಸ್ತೆ ಇದೆ. ಅಲ್ಲಿಯೂ ಬೈಕಿಗೆ ಪ್ರವೇಶವಿಲ್ಲ. ನನ್ನ ಪಾಲಿಗೆ ಬಂದ ಹೈವೇಯಲ್ಲಿ ಎಲ್ಲರಿಗೂ ಪ್ರವೇಶ.

"ಮುಂಜಾನಿ ಏಳಕ್ಕ ಹೊರಡೋಣ. ಟ್ರಾಫಿಕ್ ಇರಂಗಿಲ್ಲ" ಎಂದೆ ಗಟ್ಟಿಯಾಗಿ, ಯಾರಿಗೆಂದಿಲ್ಲದೆ. ಇವರು ಸೋಫಾದ ಮೇಲೆ ಕಣ್ಣು ಮುಚ್ಚಿ ರೇಡಿಯೋ ಕೇಳುತ್ತಿದ್ದರು.

"ಏಳಕ್ಕ ಬ್ಯಾಡ."

ನಾನು ತಲೆಯೆತ್ತಿದೆ.

"ಐರೋಲಿ ಬ್ರಿಜ್ ಪೂರ್ವಕ್ಕ ಹೋಗ್ತದ. ಈ ದಿನದಾಗ ಹೊತ್ತು ಹುಟ್ಟೋದ ಏಳರ ಮ್ಯಾಲೆ. ನೀ ಬ್ರಿಜ್ ಹತ್ತೋದ್ರಾಗ ಸೂರ್ಯ ಕಣ್ಣಿಗೇ ಹೊಡಿತಾನ. ಒಂಬತ್ತೂವರಿಗೆ ಹೊರಡು. ಬರಬೇಕಾದ್ರ ನಾಲ್ಕರೊಳಗ ಬ್ರಿಜ್ ದಾಟಬೇಕು, ಇಲ್ಲಂದ್ರ ಪಡುವಣ ಬಿಸಿಲು."

ಆ್ಯಪ್ ಇದನ್ನು ಹೇಳಿರಲಿಲ್ಲ. ನಾನು ಬರೆದುಕೊಂಡೆ. ಇವರು ಎದ್ದು ಬಂದು ಮೇಜಿನ ಎದುರಿಗೆ ಕೂತರು. ಟೋಲ್ ನಾಕಾದಲ್ಲಿ ಎಡಗಡೆಯ ಸಾಲೇ ಹಿಡಿ. ದಾಟಿದ ಮೇಲೂ ಎಡಕ್ಕೇ ಇರು, ಬಲಕ್ಕೆ ಸಿಕ್ಕಿಬಿದ್ದರೆ ರಸ್ತೆ ನೇರ ಭಾಂಡೂಪಿಗೆ ಎಳೆದೊಯ್ಯುತ್ತದೆ. ಕಂಟೇನರ್ ಗಾಡಿಯ ಪಕ್ಕದಲ್ಲಿ ಸಮಸಮ ಓಡಿಸಬೇಡ, ಅವನಿಗೆ ನೀನು ಕಾಣುವುದಿಲ್ಲ. ಮುಂದೆ ಹೋಗು ಇಲ್ಲವೆ ಹಿಂದೆ ನಿಲ್ಲು. ಅರ್ಧ ತಾಸು ಹೇಳಿದರು. ಸೆಪ್ಟೆಂಬರಿನ ನಂತರ ಅಷ್ಟು ಮಾತಾಡಿದ್ದು ಅದೇ ಮೊದಲು. ಕಡೆಗೆ "ಅವನಿಗೆ ನೀ ಕಾಣಂಗಿಲ್ಲ" ಎಂದು ಇನ್ನೊಮ್ಮೆ ಹೇಳಿ ಸುಮ್ಮನಾದರು. ಇಬ್ಬರಿಗೂ ಅದೇ ಹುಡುಗ ನೆನಪಾಗಿರಬೇಕು.

ರವಿವಾರ ಬೆಳಿಗ್ಗೆ ಮೊಳೆಯಿಂದ ಕೀಲಿ ತೆಗೆಯುವುದು ಯಾರು ಎಂದು ನಾನು ಕಾಯುತ್ತಿದ್ದೆ. ನೋಟ್‌ಬುಕ್ಕಿನಲ್ಲಿ ಅದನ್ನು ಬರೆದಿರಲಿಲ್ಲ. ಇವರೇ ತೆಗೆದು, ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ಲಿಫ್ಟಿನಲ್ಲಿ ಇಳಿದರು. ಬ್ಯಾಟರಿ ಇಳಿದುಹೋಗಿತ್ತೆಂದು ಹಿಂದಿನ ದಿನವೇ ಮೆಕ್ಯಾನಿಕ್ಕನನ್ನು ಕರೆಸಿ ಗಾಡಿ ಸ್ಟಾರ್ಟ್ ಮಾಡಿಸಿಟ್ಟಿದ್ದೆ. ಗಾಡಿಯ ಹತ್ತಿರ ಬಂದವರು ಅಭ್ಯಾಸದಂತೆ ಬಲಬದಿಯ ಬಾಗಿಲಿಗೆ ಹೋದರು. ಬಾಗಿಲು ತೆರೆದರು. ಒಂದು ಕ್ಷಣ ಹಾಗೇ ನಿಂತು, ಕೈ ಹಾಕಿ ಸೀಟನ್ನು ಮುಂದಕ್ಕೆ ಎಳೆದರು.

"ನಿನ್ನ ಕಾಲು ಮುಟ್ಟಂಗಿಲ್ಲ" ಎಂದು ಕೀಲಿ ಕೊಟ್ಟು ಸುತ್ತಿ ಹೋಗಿ ಎಡಕ್ಕೆ ಕೂತರು.

ಘೋಡ್‌ಬಂದರ್ ರಸ್ತೆಯಲ್ಲಿ ಮೆಟ್ರೋ ಕೆಲಸದ ಬ್ಯಾರಿಕೇಡುಗಳ ನಡುವೆ ಎರಡನೆಯ ಗೇರಿನಲ್ಲೇ ಹೋದೆ. ಮಜಿವಾಡಾ ದಾಟಿ ಹೈವೇ ಹತ್ತಿದಾಗ ಅಂಗೈ ಬೆವರಿತ್ತು. ನಿತಿನ್ ಕಂಪನಿ, ತೀನ್ ಹಾತ್ ನಾಕಾ, ಕೋಪ್ರಿ. ಹೆಸರುಗಳನ್ನು ಪಾಠದಂತೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಟೋಲ್ ನಾಕಾ ಬರುತ್ತಲೇ ಇವರ ಕೈ ಡ್ಯಾಶ್‌ಬೋರ್ಡಿನ ಚಿಲ್ಲರೆಯ ಡಬ್ಬಿಗೆ ಹೋಯಿತು. 45 ರೂಪಾಯಿ. ಅಕ್ಟೋಬರ್ 2024ರ ನಡುವಿನಿಂದ ಮುಂಬಯಿಯ ಐದೂ ನಾಕಾಗಳಲ್ಲಿ ಸಣ್ಣ ಗಾಡಿಗಳಿಗೆ ಟೋಲ್ ಇಲ್ಲ. ಸುದ್ದಿ ಓದಿ ನನಗೆ ಹೇಳಿದವರೇ ಅವರು. ಅದಾದ ಮೇಲೆ ಈ ದಾರಿಯಲ್ಲಿ ಬಂದಿರಲಿಲ್ಲ. ಡಬ್ಬಿಯ ಮುಚ್ಚಳ ಸದ್ದಿಲ್ಲದೆ ಮುಚ್ಚಿದರು.

ಅಲ್ಲಿಂದ ಮುಂದಿನದೇ ನನ್ನ ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದ ಜಾಗ. ಎಡಗಡೆಯ ಸಾಲು ಹಿಡಿಯಬೇಕು ಎಂದುಕೊಂಡಿದ್ದರೂ ನಾಕಾದ ಗುಂಪಿನಲ್ಲಿ ನಡುವಿನ ಸಾಲಿಗೆ ಬಂದಿದ್ದೆ. ಎಡಕ್ಕೆ ಒಂದು ಉದ್ದನೆಯ ಟ್ರೇಲರ್. ಹಿಂದೆ ನಿಲ್ಲು ಎಂದದ್ದು ನೆನಪಾಗಿ ನಿಧಾನ ಮಾಡಿದೆ. ಟ್ರೇಲರ್ ಮುಂದೆ ಹೋಯಿತು. ಎಡಗಡೆ ಖಾಲಿಯಾದ ಹಾಗೆ ಕಂಡಿತು.

"ಈಗ ಎಡಕ್ಕ ತಗೋ" ಎಂದರು ಇವರು. "ತಗೋ, ಖಾಲಿ ಅದ. ಲಗೂ."

ಇಂಡಿಕೇಟರ್ ಹಾಕಿದೆ. ಕನ್ನಡಿ ನೋಡಿದೆ. ಟ್ರೇಲರಿನ ಹಿಂದಿನಿಂದ ಒಂದು ಬೈಕ್ ಬರುತ್ತಿತ್ತು. ಗಂಡ, ಹೆಂಡತಿ, ನಡುವೆ ಕೆಂಪು ಸ್ವೆಟರಿನ ಕೂಸು.

"ತಗೋ ಅಂದ್ನೆಲ್ಲ!"

ಮೂವತ್ತು ವರ್ಷದ ಸಂಸಾರದಲ್ಲಿ ರಸ್ತೆಯ ವಿಷಯಕ್ಕೆ ನಾನು ಇವರ ಮಾತು ಮೀರಿದ್ದಿಲ್ಲ. ಸ್ಟೇರಿಂಗ್ ನೇರ ಹಿಡಿದೆ. ಬೈಕ್ ಹಾರ್ನ್ ಹೊಡೆಯುತ್ತಾ ಇವರ ಕಿಟಕಿಗೆ ಕೈ ಅಳತೆಯಲ್ಲಿ ಹಾದು ಮುಂದೆ ಬಂತು. ಅದು ಗಾಜಿನ ಮುಂದೆ ಬಂದ ಮೇಲೆಯೇ ಇವರಿಗೆ ಕಂಡದ್ದು. ಮೈ ಪೂರ್ತಿ ಅದುರಿತು. ಅಷ್ಟರಲ್ಲಿ ಐರೋಲಿಯ ತಿರುವು ಹಿಂದೆ ಬಿದ್ದಿತ್ತು. ನಾವು ಭಾಂಡೂಪಿನ ಕಡೆ ಹೋಗುತ್ತಿದ್ದೆವು.

ಒಂದೆರಡು ನಿಮಿಷ ಇಬ್ಬರೂ ಮಾತಾಡಲಿಲ್ಲ. ಆ್ಯಪ್ ಮಾತ್ರ ತಿರುಗಿ ತಿರುಗಿ ಹೊಸ ದಾರಿ ಹೇಳುತ್ತಿತ್ತು.

"ಬೈಕ್ ಇತ್ತು" ಎಂದೆ ನಾನು.

"ಹೂಂ. ನನಗ ಕಾಣಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಕೂಸು ಇತ್ತಲ್ಲ" ಎಂದರು. ಮತ್ತೆ ಸ್ವಲ್ಪ ದೂರ ಹೋದ ಮೇಲೆ ಹೇಳಿದರು: "ಇನ್ನ ಮ್ಯಾಲೆ ಎಡಬಲ ನಿಂದು. ದಾರಿ ಕೇಳಿದ್ರ ಅಷ್ಟ ಹೇಳ್ತೀನಿ."

ಕಣ್ಣಿನ ವಿಷಯವನ್ನು ಅವರು ಬಾಯಿ ಬಿಟ್ಟು ಆಡಿದ್ದು ಅಂದೇ ಮೊದಲು. ನನಗೆ ಕಣ್ಣು ತುಂಬಿ ಬಂದವು. ಓಡಿಸುವಾಗ ಅದಕ್ಕೂ ಅನುಕೂಲವಿರುವುದಿಲ್ಲ. ಮುಂದೆ ಒಂದು ಫ್ಲೈಓವರಿನ ಕೆಳಗೆ ತಿರುಗಿಸಿಕೊಂಡು ಮುಲುಂಡಿಗೆ ವಾಪಸು ಬಂದು, ಸಿಗ್ನಲ್ಲಿಗೆ ನಿಂತು ಬಲಕ್ಕೆ ಹೊರಳಿದೆ. ಇಪ್ಪತ್ತು ನಿಮಿಷ ಹೆಚ್ಚಾಯಿತು, ಅಷ್ಟೆ.

ಸೇತುವೆ ಹತ್ತುವಾಗ ಸೂರ್ಯ ಮೇಲೇರಿದ್ದ, ಅವರು ಹೇಳಿದ ಹಾಗೇ. ಖಾಡಿಯಲ್ಲಿ ನೀರು ಇಳಿದು ಕೆಸರು ಮಿನುಗುತ್ತಿತ್ತು. ಚಳಿಗಾಲಕ್ಕೆ ಇಲ್ಲಿ ಫ್ಲೆಮಿಂಗೋಗಳು ಬರುತ್ತವೆ. ಈ ಖಾಡಿಯ ಒಂದು ಭಾಗವನ್ನು 2015ರಲ್ಲಿ ಅವುಗಳ ಅಭಯಾರಣ್ಯವೆಂದು ಸಾರಿದ್ದಾರೆ. 2022ರಲ್ಲಿ ರಾಮ್‌ಸರ್ ಪಟ್ಟಿಗೂ ಸೇರಿದೆ. ಪ್ರತಿ ಸಲ ನಾನು ಕಿಟಕಿಯಿಂದ "ನೋಡ್ರಿ, ನೋಡ್ರಿ" ಎನ್ನುತ್ತಿದ್ದೆ. ಇವರು "ಗಾಡಿ ನಡಸ್ಲ್ಯೋ, ಹಕ್ಕಿ ನೋಡ್ಲ್ಯೋ?" ಎನ್ನುತ್ತಿದ್ದರು. ಈಗ ತಲೆಯನ್ನು ಪೂರ್ತಿ ಪಕ್ಕಕ್ಕೆ ತಿರುಗಿಸಿ ಕೂತಿದ್ದರು.

"ಅವ ಏನು? ದೂರ, ಗುಲಾಬಿ ಬಣ್ಣದ್ದು?"

"ನನಗ ಕೇಳಬ್ಯಾಡ್ರಿ. ನಾ ಗಾಡಿ ನಡಸಾಕತ್ತೀನಿ" ಎಂದೆ. ಈ ಸಲ ನಕ್ಕರು.

ಬೇಲಾಪುರ ರಸ್ತೆಯಲ್ಲಿ ರಬಾಳೆ, ಘಣಸೋಲಿ, ಮಹಾಪೆ, ಕೋಪರ್‌ಖೈರಣೆ. ನಾನು ಕೇಳಿದಾಗ ಮುಂದೆ ಯಾವ ಊರು, ಯಾವ ಲೇನು ಎಂದು ಹೇಳಿದರು. ಕೇಳದಾಗ ಸುಮ್ಮನಿದ್ದರು. ಎಂಎಚ್-04 ಗಾಡಿಗಳು ಕಡಿಮೆಯಾಗಿ ಎಂಎಚ್-43 ಹೆಚ್ಚಾದವು. ವಾಶಿಯಲ್ಲಿ ಅಕ್ಕನ ಕಟ್ಟಡದ ಗೇಟಿನ ಮುಂದೆ ಗಾಡಿ ನಿಂತಾಗ ಗಂಟೆ ಹತ್ತೂ ಮುಕ್ಕಾಲು. ಭಾವ ಬಾಲ್ಕನಿಯಿಂದ ನೋಡಿ ಕೂಗಿ ಹೇಳಿದರು: "ಏ, ಈಕಿ ನಡಸ್ಕೊಂಡ ಬಂದಾಳ!" ಅಕ್ಕ ಕುಸುರೆಳ್ಳಿನ ಡಬ್ಬಿ ಹಿಡಿದೇ ಕೆಳಗೆ ಬಂದಳು. ನನ್ನ ಕೈಗೆ ಹಾಕಿ, ಇವರ ಕೈಗೆ ಹಾಕಿ, "ಎಳ್ಳು ಬೆಲ್ಲಾ ತಗೊಂಡು ಒಳ್ಳೆ ಮಾತಾಡ್ರಿ" ಎಂದಳು.

ಊಟಕ್ಕೆ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಮಾದ್ಲಿ. ದಾರಿ ಹೇಗಿತ್ತು ಎಂದು ಭಾವ ಕೇಳಿದರು. ನಾನು ತಪ್ಪಿದ ತಿರುವಿನ ಕಥೆ ಹೇಗೆ ಹೇಳಲಿ ಎಂದು ತಡಕಾಡುತ್ತಿದ್ದೆ. ಇವರೇ ಹೇಳಿದರು: "ಮುಲುಂಡಿನಾಗ ನಾ ತಪ್ಪು ಹೇಳಿದೆ. ಈಕಿ ಕೇಳಲಿಲ್ಲ. ಛಲೋ ಆತು." ಅಷ್ಟು ಹೇಳಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಮೂರಕ್ಕೆ ಹೊರಟೆವು. ಹಿಂದಿನ ಸೀಟಿನಲ್ಲಿ ಶೇಂಗಾ ಚಟ್ನಿಯ ಡಬ್ಬಿ, ಕಟ್ಟಿಕೊಟ್ಟ ರೊಟ್ಟಿ. ಘಣಸೋಲಿಯ ಹತ್ತಿರ ಮುಂದಿನ ಫ್ಲೈಓವರ್ ಹತ್ತಬೇಕೋ ಕೆಳಗೆ ಹೋಗಬೇಕೋ ಎಂದು ಇವರನ್ನು ಕೇಳಿದೆ. ಉತ್ತರ ಬರಲಿಲ್ಲ. ತಿರುಗಿ ನೋಡಿದೆ. ಸೀಟ್ ಬೆಲ್ಟಿಗೆ ಗಲ್ಲ ಆನಿಸಿ ಇವರು ನಿದ್ದೆ ಹೋಗಿದ್ದರು. ಬಲಗಾಲು ಸಡಿಲವಾಗಿ ಚಾಚಿತ್ತು. ಆ್ಯಪ್ಪಿನ ದನಿ ಕಡಿಮೆ ಮಾಡಿ, ಫ್ಲೈಓವರ್ ಹತ್ತಿದೆ. ನಾಲ್ಕರೊಳಗೆ ಸೇತುವೆ ದಾಟಬೇಕಿತ್ತು.