ಅಮ್ಮ ಬೆರಳಿಟ್ಟ ಜಾಗ (ಭಾಗ 6)

ಫೋಟೋದಲ್ಲಿ ಅಡ್ಡಡ್ಡ ಎರಡು ಬಿಳಿ ಸ್ಕ್ರೂ ಕಾಣ್ತಿವೆ ಅಲ್ವಾ? ಅದು ನಮ್ಮಮ್ಮನ ಸೊಂಟದ ಎಕ್ಸ್-ರೇ. ಕೇಳಿಯೇ ಹಾಕ್ತಿದೀನಿ. "ಮುಖ ಇಲ್ಲ ತಾನೆ, ಹಾಕ್ಕೋ" ಅಂದ್ರು.

ಇದು ಹಿಪ್ ರಿಪ್ಲೇಸ್‌ಮೆಂಟ್ ಅಲ್ಲ. ಕೀಲು ಬದಲಾಯಿಸಿಲ್ಲ, ಕೀಲು ಅಲ್ಲಾಡದ ಹಾಗೆ ಎರಡು ಮೂಳೆ ಸೇರಿಸಿ ಬೆಸೆದಿದ್ದಾರೆ. ಬೆನ್ನುಮೂಳೆಯ ಬುಡದಲ್ಲಿ ತ್ರಿಕೋನದ ಒಂದು ಮೂಳೆ ಇದೆ. ಅದರ ಎಡಕ್ಕೂ ಬಲಕ್ಕೂ ಸೊಂಟದ ಅಗಲ ಮೂಳೆಗಳು ಬಂದು ಸೇರ್ತವೆ. ಆ ಸೇರೋ ಜಾಗಕ್ಕೆ ಸೇಕ್ರೋಇಲಿಯಾಕ್ ಜಾಯಿಂಟ್ ಅಂತಾರೆ, ಚಿಕ್ಕದಾಗಿ ಎಸ್‌ಐ ಜಾಯಿಂಟ್. ಅದು ಅಲ್ಲಾಡೋದೇ ಎರಡು ಮೂರು ಡಿಗ್ರಿ. ಅಷ್ಟಕ್ಕೆ ಇಷ್ಟು ನೋವಾ ಅಂತ ನನಗೂ ಅನಿಸಿತ್ತು.

ಅಮ್ಮ ಟೈಲರ್. ನಾಲ್ಕು ವರ್ಷದ ಹಿಂದೆ ಸ್ಕೂಟರ್ ಹಿಂದಿನಿಂದ ಬಿದ್ದು, ಬಲಗಡೆ ಕುಂಡೆ ನೆಲಕ್ಕೆ ಬಡೀತು. ಮೂಳೆ ಮುರಿದಿಲ್ಲ ಅಂದ್ರು, ನಾವೂ ಮರೆತ್ವಿ. ಆಮೇಲೆ ಶುರುವಾಯ್ತು. ಮಿಷನ್ ಮುಂದೆ ಅರ್ಧ ಗಂಟೆ ಕೂತು ಎದ್ರೆ ನೋವು, ಬಸ್ ಮೆಟ್ಟಿಲು ಹತ್ತಿದ್ರೆ ನೋವು, ರಾತ್ರಿ ಮಗ್ಗುಲು ಬದಲಾಯಿಸಿದ್ರೂ ನೋವು. ಎಂಆರ್‌ಐ ಮಾಡ್ಸಿದ್ವಿ. ಡಿಸ್ಕ್ ಸ್ವಲ್ಪ ಉಬ್ಬಿದೆ ಅಂತ ಬಂತು. ಅಲ್ಲಿಗೆ ಮುಗೀತು, ಎಲ್ಲರೂ ಆ ರಿಪೋರ್ಟನ್ನೇ ನೋಡಿದ್ರು. ಬೆಲ್ಟು, ಮಾತ್ರೆ, ಇನ್ನೊಂದು ಬೆಲ್ಟು. ಕೊನೆಗೆ ಒಂದು ಕಡೆ ಡಿಸ್ಕ್ ಆಪರೇಷನ್ನಿಗೆ ದಿನಾನೂ ಗೊತ್ತಾಗಿತ್ತು. ಡಿಸ್ಕ್ ಉಬ್ಬಿರೋದು ನೋವೇ ಇಲ್ಲದವರ ಸ್ಕ್ಯಾನಲ್ಲೂ ಕಾಣುತ್ತೆ ಅಂತ ಯಾರೂ ಹೇಳ್ಲಿಲ್ಲ.

ತಪ್ಪಿಸಿದ್ದು ತುಮಕೂರಿನ ಒಬ್ಬ ಫಿಸಿಯೋಥೆರಪಿ ಹುಡುಗಿ, ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ರಿಪೋರ್ಟ್ ಪಕ್ಕಕ್ಕಿಟ್ಟು, "ಆಂಟಿ, ಎಲ್ಲಿ ನೋವು, ಒಂದೇ ಬೆರಳಲ್ಲಿ ತೋರ್ಸಿ" ಅಂದ್ಲು. ಅಮ್ಮ ಸೊಂಟದ ಕೆಳಗಿನ ಗುಳಿ ಹತ್ರ ಬೆರಳಿಟ್ರು. "ಇನ್ನೊಂದ್ಸಲ." ಮತ್ತೆ ಅಲ್ಲೇ. "ನಾಲ್ಕು ವರ್ಷದಿಂದ ಅಲ್ಲೇ ತೋರಿಸ್ತಿದೀನಲ್ಲಮ್ಮ" ಅಂದ್ರು.

ಆ ಮಾತು ನನಗೆ ಚುಚ್ಚಿತು. ನಾನೂ ಅವರ ಜೊತೆ ಎಲ್ಲಾ ಕಡೆ ಹೋಗಿದ್ದವಳೇ ಅಲ್ವಾ. ಫೈಲ್ ಹಿಡ್ಕೊಂಡು ರಿಪೋರ್ಟ್ ಓದ್ತಿದ್ದೆ, ಅಮ್ಮನ ಬೆರಳು ನೋಡಿರ್ಲಿಲ್ಲ.

ಆಮೇಲೆ ಓದಿದೆ. 1920ರ ದಶಕದಲ್ಲಿ ಬೆನ್ನುನೋವಿಗೆ ಈ ಕೀಲನ್ನೇ ದೂರೋರಂತೆ. 1926ರಷ್ಟು ಹಿಂದೆಯೇ ಸ್ಮಿತ್-ಪೀಟರ್ಸನ್ ಅನ್ನೋ ಅಮೆರಿಕದ ಸರ್ಜನ್ ಇದನ್ನ ಬೆಸೆದ ಕೇಸುಗಳ ಬಗ್ಗೆ ಬರೆದಿದ್ದರು. 1934ರಲ್ಲಿ ಮಿಕ್ಸ್‌ಟರ್ ಮತ್ತು ಬಾರ್ ಡಿಸ್ಕ್ ಜಾರಿ ನರ ಒತ್ತುತ್ತೆ ಅಂತ ತೋರಿಸಿದ್ರು. ಅಲ್ಲಿಂದ ಎಲ್ಲರ ಕಣ್ಣು ಡಿಸ್ಕ್ ಮೇಲೆ ಹೋಯ್ತು, ಈ ಕೀಲು ಮೂಲೆಗೆ ಬಿತ್ತು. ಅಮ್ಮನ ಫೈಲಲ್ಲಿ ಆಗಿದ್ದೂ ಅದೇ.

ಬೆಂಗಳೂರಲ್ಲಿ ಡಾಕ್ಟ್ರು ಮೊದಲು ಕೈಯಲ್ಲೇ ಪರೀಕ್ಷೆ ಮಾಡಿದ್ರು. ತೊಡೆ ಮಡಿಸಿ ಕೆಳಕ್ಕೆ ಒತ್ತೋದು, ಒಂದು ಪಾದ ಇನ್ನೊಂದು ಮಂಡಿ ಮೇಲಿಟ್ಟು ಅಗಲಿಸೋದು, ಸೊಂಟದ ಮೂಳೆ ಅದುಮೋದು, ಹೀಗೆ ಐದು. ಮೂರರಲ್ಲಾದ್ರೂ ಅದೇ ನೋವು ಬಂದ್ರೆ ಅನುಮಾನ ಗಟ್ಟಿ. ಅಮ್ಮನಿಗೆ ನಾಲ್ಕರಲ್ಲಿ ಬಂತು. ಆಮೇಲೆ ಎಕ್ಸ್-ರೇ ನೋಡ್ಕೊಂಡು ಕೀಲಿನ ಒಳಗೇ ಮರಗಟ್ಟಿಸೋ ಔಷಧಿ ಚುಚ್ಚಿದ್ರು. ನೋವು ಹೆಚ್ಚುಕಡಿಮೆ ಹೋದ್ರೆ ಕಳ್ಳ ಸಿಕ್ಕ ಹಾಗೆ.

ಅಮ್ಮ ಹೊರಗೆ ಬಂದು ಆಸ್ಪತ್ರೆ ಮೆಟ್ಟಿಲು ಹತ್ತಿದ್ರು, ಇಳಿದ್ರು, ಮತ್ತೆ ಹತ್ತಿದ್ರು. "ಪುಟ್ಟಿ, ಏನೂ ಇಲ್ಲ ಕಣೇ!" ರೈಲಲ್ಲಿ ತಿಪಟೂರಿಗೆ ವಾಪಸ್ ಬರ್ತಾ, ಗುಬ್ಬಿ ದಾಟೋ ಹೊತ್ತಿಗೆ ಔಷಧಿ ಇಳೀತು. ಅಮ್ಮ ಕಿಟಕಿ ಕಡೆ ತಿರುಗಿ ಅತ್ರು. ನನಗೆ ಒಳಗೊಳಗೇ ಖುಷಿ ಆಗ್ತಿತ್ತು. ಕೆಟ್ಟ ಮಗಳು ಅನ್ಕೊಳ್ಳಿ ಪರವಾಗಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ ಆ ನೋವಿಗೊಂದು ವಿಳಾಸ ಸಿಕ್ಕಿತ್ತು.

ತಕ್ಷಣ ಆಪರೇಷನ್ ಅಂತ ಅಲ್ಲ. ಆರು ತಿಂಗಳು ವ್ಯಾಯಾಮ, ಮತ್ತೆ ಇಂಜೆಕ್ಷನ್. ಅದಕ್ಕೂ ಬಗ್ಗದಿದ್ದಾಗ ಮಾತ್ರ ಬೆಸೆಯೋ ಮಾತು ಬಂತು. ಒಮ್ಮೆ ಬೆಸೆದ್ರೆ ಬಿಚ್ಚೋಕಾಗಲ್ಲ ಅಂತಾನೂ ಹೇಳಿದ್ರು.

ಹಿಂದೆಲ್ಲ ದೊಡ್ಡದಾಗಿ ಕುಯ್ದು, ಕೀಲಿನ ಮೆದುಮೂಳೆ ಕೆರೆದು, ಬೇರೆ ಕಡೆಯಿಂದ ಮೂಳೆ ತಂದು ತುಂಬ್ತಿದ್ರು. ಈಗ ಹೆಚ್ಚಾಗಿ ಪಕ್ಕದಿಂದ ಸಣ್ಣ ಗಾಯ. ಬೋರಲು ಮಲಗಿಸಿ, ಸೊಂಟದ ಮೂಳೆಯಿಂದ ಕೀಲು ದಾಟಿ ಆ ತ್ರಿಕೋನದ ಮೂಳೆವರೆಗೆ ತೆಳು ತಂತಿ ಕಳಿಸ್ತಾರೆ. ಆ ಮೂಳೆಯ ತೂತುಗಳಲ್ಲಿ ಕಾಲಿನ ನರಗಳು ಹೊರಗೆ ಬರ್ತವೆ. ಅದಕ್ಕೇ ಮೂರು ದಿಕ್ಕಿಂದ ಎಕ್ಸ್-ರೇ ನೋಡ್ತಾ ಹೋಗ್ತಾರೆ, ದಾರಿ ತಪ್ಪಿದ್ರೆ ನರಕ್ಕೇ ಪೆಟ್ಟು. ತಂತಿ ಸರಿ ಕೂತ ಮೇಲೆ ಅದರ ಗುಂಟ ಕೊರೆದು ಇಂಪ್ಲಾಂಟ್ ಇಳಿಸಿ, ತಂತಿ ತೆಗೀತಾರೆ. ಅಮ್ಮನಿಗೆ ಹಾಕಿದ್ದು ನಡುವೆ ಟೊಳ್ಳಿರೋ ಟೈಟಾನಿಯಂ ಸ್ಕ್ರೂ. ತ್ರಿಕೋನದ ಕಡ್ಡಿಗಳೂ ಇವೆ, 2008ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿದ್ದು. ಯಾಕೆ ತ್ರಿಕೋನ? ದುಂಡು ಗೂಟ ಹೊಡೆದ್ರೆ ತಿರುಗುತ್ತೆ, ಮೂರು ಮೂಲೆಯದು ತಿರುಗಲ್ಲ. ಮೇಲ್ಮೈ ಒರಟಾಗಿರುತ್ತೆ, ಮೂಳೆ ಅದರ ಮೇಲೆ ಬೆಳೆದು ಹಿಡ್ಕೊಳ್ಳಲಿ ಅಂತ. ಹಿಂದಿನಿಂದ ಕೀಲಿನ ಸಂದಿಗೆ ಮೂಳೆಯ ತುಂಡನ್ನ ಬೆಣೆ ತರ ಹೊಡೆಯೋ ವಿಧಾನಾನೂ ಇದೆ. ಯಾವುದೇ ಆದ್ರೂ ಸ್ಕ್ರೂ ಹಿಡಿಯೋದು ಆವತ್ತೇ, ಮೂಳೆ ಕೂಡೋದಕ್ಕೆ ತಿಂಗಳುಗಳೇ ಬೇಕು.

ಇಂಪ್ಲಾಂಟಿಗೆ ಬೇರೆ ಬಿಲ್. ಅಮ್ಮ ರೇಗಿದ್ರು: "ಇಷ್ಟು ಸುರಿದಿದ್ದಾಯ್ತು, ಇನ್ನೂ ಎಷ್ಟೇ?" ನಮ್ಮ ಕಾಸ್ಟಿಂಗ್ ಪಾಠದಲ್ಲಿ ಸಂಕ್ ಕಾಸ್ಟ್ ಅಂತ ಬರುತ್ತೆ, ಹೋದ ದುಡ್ಡನ್ನ ಮುಂದಿನ ಲೆಕ್ಕಕ್ಕೆ ತರಬಾರದು ಅಂತ. ಪರೀಕ್ಷೆಲಿ ಚೆನ್ನಾಗಿ ಬರೆದಿದ್ದೆ. ಅಮ್ಮ ಬಳೆ ಬಿಚ್ಚಿ ಅಡ ಇಡೋಕೆ ಕೊಟ್ಟಾಗ ಬಾಯಿಂದ ಒಂದು ಮಾತೂ ಬರ್ಲಿಲ್ಲ.

ಆಪರೇಷನ್ ಆಗಿ ಹತ್ತು ವಾರ. ಮೊದಲು ವಾಕರ್, ಬಲಗಾಲಿಗೆ ಪೂರ್ತಿ ಭಾರ ಹಾಕೋ ಹಾಗಿರ್ಲಿಲ್ಲ. ಈಗ ಮನೆಯೊಳಗೆ ಹಾಗೇ ಓಡಾಡ್ತಾರೆ. ನೋವು ಪೂರ್ತಿ ಹೋಗಿಲ್ಲ, ಮಳೆ ಬಂದ ದಿನ ಗಾಯದ ಹತ್ರ ಹಿಡಿಯುತ್ತೆ. ನಿನ್ನೆ ಪಕ್ಕದ್ಮನೆ ಅತ್ತಿಗೆಯ ಬ್ಲೌಸಿಗೆ ಹುಕ್ ಹಾಕ್ತಾ ಮುಕ್ಕಾಲು ಗಂಟೆ ಕೂತಿದ್ರು. ಎದ್ದಾಗ ಕೈ ಅದೇ ಜಾಗಕ್ಕೆ ಹೋಯ್ತು. ನಾನು ಓಡಿ ಬಂದೆ.

"ನೋವಾ ಅಮ್ಮ?"

"ಇಲ್ಲ ಕಣೇ. ಇದೆಯಾ ಅಂತ ನೋಡ್ದೆ."

ಮುಂದಿನ ಎಕ್ಸ್-ರೇ ಇನ್ನೆರಡು ವಾರಕ್ಕೆ. ಬಂದ ಮೇಲೆ ಹಾಕ್ತೀನಿ.